ಸುಖದ ಲೆಕ್ಕ ಕಲಿತ ಹುಡುಗ: ಜಾನ್ ಸ್ಟುವರ್ಟ್ ಮಿಲ್

ತರ್ಕಶಾಸ್ತ್ರ ತೆಗೆದುಕೊಂಡಿರುವ ಗೆಳೆಯರಿಗೆ ಜಾನ್ ಸ್ಟುವರ್ಟ್ ಮಿಲ್ ಎಂಬ ಹೆಸರು ಹೊಸದಲ್ಲ. ಯಾವುದರಿಂದ ಯಾವುದು ಆಯಿತು ಎಂದು ಕಂಡುಹಿಡಿಯುವ ಐದು ವಿಧಾನಗಳು ಆ ಹೆಸರಿನಲ್ಲೇ ಇವೆ. ಉಳಿದವರು ರಾಜ್ಯಶಾಸ್ತ್ರದಲ್ಲಿ, ಸ್ವಾತಂತ್ರ್ಯದ ಪಾಠದ ಹತ್ತಿರ ಎಲ್ಲೋ ಈ ಹೆಸರನ್ನು ನೋಡಿರಬಹುದು. ಪರೀಕ್ಷೆಯಲ್ಲಿ ಎರಡು ಸಾಲು ಬರೆದರೆ ಮುಗಿಯಿತು, ಮತ್ತೆ ಯಾರೂ ಈತನ ಬಗ್ಗೆ ಯೋಚಿಸುವುದಿಲ್ಲ. ಆದರೆ ಈತನ ಜೀವನವನ್ನು ಓದಿದರೆ ನಮ್ಮ ವಯಸ್ಸಿನವರಿಗೆ ಸ್ವಲ್ಪ ಎದೆ ಝಲ್ ಎನ್ನುತ್ತದೆ. ಸರಿ ಯಾವುದು, ತಪ್ಪು ಯಾವುದು ಎಂದು ಅಳೆಯುವ ಕೋಲೊಂದನ್ನು ಇವನ ಕೈಗೆ ಬಾಲ್ಯದಲ್ಲೇ ಕೊಡಲಾಗಿತ್ತು. ಇಪ್ಪತ್ತನೆಯ ವಯಸ್ಸಿನಲ್ಲಿ ಆ ಕೋಲೇ ಕೈಕೊಟ್ಟಿತು. ಮುಂದಿನ ನಲವತ್ತಾರು ವರ್ಷ ಅದನ್ನು ಬಿಸಾಡದೆ, ಹಾಗೆಂದು ಮೊದಲಿನಂತೆ ನಂಬಲೂ ಆಗದೆ, ಸರಿಪಡಿಸುತ್ತಲೇ ಬದುಕಿದ ಮನುಷ್ಯ ಇವನು.

ಜಾನ್ ಹುಟ್ಟಿದ್ದು 1806ರ ಮೇ 20ರಂದು, ಲಂಡನ್ನಿನ ಪೆಂಟನ್‌ವಿಲ್ ಎಂಬಲ್ಲಿ. ಒಂಬತ್ತು ಮಕ್ಕಳಲ್ಲಿ ಇವನೇ ಹಿರಿಯ. ತಂದೆ ಜೇಮ್ಸ್ ಮಿಲ್ ಸ್ಕಾಟ್ಲೆಂಡಿನಲ್ಲಿ ಶೂ ಹೊಲಿಯುವವರೊಬ್ಬರ ಮಗ. ಓದಿನ ಬಲದಿಂದ ಲಂಡನ್ನಿಗೆ ಬಂದು ಪತ್ರಿಕೆಗಳಿಗೆ ಬರೆದು ಸಂಸಾರ ಸಾಕುತ್ತಿದ್ದವರು. ನಮ್ಮ ಇತಿಹಾಸವನ್ನು ಹಿಂದೂ ಕಾಲ, ಮುಸ್ಲಿಂ ಕಾಲ, ಬ್ರಿಟಿಷ್ ಕಾಲ ಎಂದು ಮೂರು ತುಂಡು ಮಾಡಿದ ಜೇಮ್ಸ್ ಮಿಲ್ ಇವರೇ. ಒಂದು ದಿನವೂ ಭಾರತಕ್ಕೆ ಬಾರದೆ, ಇಲ್ಲಿನ ಒಂದು ಭಾಷೆಯನ್ನೂ ಕಲಿಯದೆ, ಹನ್ನೆರಡು ವರ್ಷ ಕುಳಿತು ಭಾರತದ ಇತಿಹಾಸ ಬರೆದರು. ಆ ಪುಸ್ತಕ ಬರೆಯುತ್ತಿದ್ದ ಮೇಜಿನ ಇನ್ನೊಂದು ಬದಿಯಲ್ಲೇ ಮಗನ ಪಾಠ ನಡೆಯುತ್ತಿತ್ತು.

ಪಾಠ ಎಂದರೆ ಸಣ್ಣ ಪಾಠವಲ್ಲ. ಮೂರನೆಯ ವಯಸ್ಸಿಗೆ ಗ್ರೀಕ್ ಶುರು. ಚೀಟಿಗಳ ಮೇಲೆ ಗ್ರೀಕ್ ಪದ, ಅದರ ಅರ್ಥ ಬರೆದು ತಂದೆಯೇ ಕೊಡುತ್ತಿದ್ದರು. ಆಗ ಗ್ರೀಕಿನಿಂದ ಇಂಗ್ಲಿಷಿಗೆ ಅರ್ಥ ಕೊಡುವ ನಿಘಂಟು ಇರಲಿಲ್ಲವಾದ್ದರಿಂದ ಗೊತ್ತಿಲ್ಲದ ಪ್ರತಿ ಪದಕ್ಕೂ ಮಗು ತಂದೆಯನ್ನೇ ಕೇಳಬೇಕು. ಮಹಾ ಮುಂಗೋಪಿಯಾದ ತಂದೆ ಈ ಒಂದು ತೊಂದರೆಯನ್ನು ಮಾತ್ರ ಸಹಿಸಿಕೊಂಡು, ಬರೆಯುವುದನ್ನು ನಿಲ್ಲಿಸಿ ಉತ್ತರ ಹೇಳುತ್ತಿದ್ದರು. ಎಂಟನೆಯ ವಯಸ್ಸಿಗೆ ಲ್ಯಾಟಿನ್. ಅದನ್ನು ತಾನು ಕಲಿಯುತ್ತಲೇ ತಂಗಿ ತಮ್ಮಂದಿರಿಗೆ ಕಲಿಸುವ ಹೊಣೆ ಬೇರೆ, ಅವರು ತಪ್ಪು ಒಪ್ಪಿಸಿದರೆ ಬೈಗುಳ ಇವನಿಗೆ. ಅಷ್ಟರೊಳಗೆ ಹೆರೊಡೋಟಸನ ಇತಿಹಾಸವನ್ನೂ ಪ್ಲೇಟೋನ ಆರು ಸಂವಾದಗಳನ್ನೂ ಮೂಲದಲ್ಲೇ ಓದಿಸಲಾಗಿತ್ತು. ಹನ್ನೊಂದರಲ್ಲಿ ತಂದೆಯ ಇತಿಹಾಸ ಗ್ರಂಥದ ಪ್ರೂಫ್ ತಿದ್ದುವಾಗ ಜೊತೆಗೆ ಕುಳಿತು ಹಸ್ತಪ್ರತಿ ಓದಿ ಹೇಳುವ ಕೆಲಸ. ಹನ್ನೆರಡಕ್ಕೆ ತರ್ಕಶಾಸ್ತ್ರ. ಹದಿಮೂರಕ್ಕೆ ಅರ್ಥಶಾಸ್ತ್ರ, ಅದೂ ವಾಕಿಂಗ್ ಹೋಗುವಾಗ ಬಾಯಿಪಾಠ. ಮರುದಿನ ಅದನ್ನು ಬರೆದು ತರಬೇಕು, ಸರಿಯಾಗುವವರೆಗೆ ಮತ್ತೆ ಮತ್ತೆ ಬರೆಯಬೇಕು.

ರಜೆ ಇರಲಿಲ್ಲ. ದುಡಿಯುವ ಅಭ್ಯಾಸ ತಪ್ಪಿಹೋದೀತು ಎಂಬ ಭಯ ತಂದೆಗೆ. ಓರಗೆಯ ಹುಡುಗರ ಸಹವಾಸವೂ ಇರಲಿಲ್ಲ. ಜಾನ್‌ಗೆ ತಾನು ಬುದ್ಧಿವಂತ ಎಂಬುದೇ ಗೊತ್ತಿರಲಿಲ್ಲವಂತೆ. ಹೋಲಿಸಿ ನೋಡಲು ಬೇರೆ ಮಕ್ಕಳೇ ಕಾಣುತ್ತಿರಲಿಲ್ಲ, ಇದ್ದ ಒಂದೇ ಹೋಲಿಕೆ ತಂದೆಯ ಜೊತೆ, ಅದರಲ್ಲಿ ಸೋಲು ಖಚಿತ. ಹದಿನಾಲ್ಕರಲ್ಲಿ ಒಂದು ವರ್ಷ ಫ್ರಾನ್ಸಿಗೆ ಹೊರಟಾಗ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ತಂದೆ ಅವನನ್ನು ನಡೆಸಿಕೊಂಡು ಹೋಗಿ ವಿಷಯ ತಿಳಿಸಿದರು: ನಿನ್ನ ವಯಸ್ಸಿನವರಿಗೆ ತಿಳಿಯದ ಎಷ್ಟೋ ಸಂಗತಿ ನಿನಗೆ ತಿಳಿದಿದೆ, ಆದರೆ ಅದು ನಿನ್ನ ಹೆಚ್ಚುಗಾರಿಕೆಯಲ್ಲ, ಕಲಿಸುವ ತಂದೆ ಸಿಕ್ಕಿದ್ದು ನಿನ್ನ ಅದೃಷ್ಟ ಎಂಬ ಅರ್ಥದಲ್ಲಿ. ಟ್ಯೂಷನ್ನಿಂದ ಟ್ಯೂಷನ್ನಿಗೆ ಓಡುವ ನಮ್ಮಲ್ಲಿ ಕೆಲವರಿಗೆ ಈ ಮನೆ ಅಷ್ಟೇನೂ ದೂರದ್ದು ಅನ್ನಿಸಲಿಕ್ಕಿಲ್ಲ.

ಇಷ್ಟೆಲ್ಲ ಏತಕ್ಕೆ? ತಂದೆಯ ಮನಸ್ಸಿನಲ್ಲಿ ಒಂದು ಯೋಜನೆ ಇತ್ತು. ಜೇಮ್ಸ್ ಮಿಲ್‌ರ ಆಪ್ತಮಿತ್ರ ಜೆರೆಮಿ ಬೆಂಥಮ್ ಒಂದು ನೀತಿತತ್ತ್ವವನ್ನು ಪ್ರಚಾರ ಮಾಡುತ್ತಿದ್ದರು. ಅದನ್ನು ಉಪಯುಕ್ತತಾವಾದ ಎನ್ನುತ್ತಾರೆ. ಯಾವ ಕೆಲಸದಿಂದ ಒಟ್ಟು ಸುಖ ಹೆಚ್ಚುತ್ತದೋ ಅದು ಸರಿ, ಯಾವುದರಿಂದ ನೋವು ಹೆಚ್ಚುತ್ತದೋ ಅದು ತಪ್ಪು. ಲೆಕ್ಕ ಹಾಕುವಾಗ ರಾಜನ ಸುಖ ಒಂದು, ಕೂಲಿಯವನ ಸುಖವೂ ಒಂದೇ. ಇವರಿಬ್ಬರೂ ಮುದುಕರಾಗುವ ಹೊತ್ತಿಗೆ ಈ ತತ್ತ್ವವನ್ನು ಮುಂದೆ ಕೊಂಡೊಯ್ಯಲು ಒಬ್ಬ ಬೇಕಿತ್ತು. ಆ ಒಬ್ಬನನ್ನು ತಯಾರು ಮಾಡುವ ಕಾರ್ಖಾನೆಯೇ ಆ ಮೇಜು.

ಹದಿನೈದನೆಯ ವಯಸ್ಸಿನಲ್ಲಿ ಜಾನ್ ಬೆಂಥಮ್‌ರ ವಿಚಾರಗಳನ್ನು ಫ್ರೆಂಚ್ ರೂಪದಲ್ಲಿ ಓದಿದ. ಓದಿ ಮುಗಿಸುವ ಹೊತ್ತಿಗೆ ಅವನು ಬೇರೆಯೇ ಮನುಷ್ಯನಾಗಿದ್ದ. ಅದುವರೆಗೆ ಚದುರಿಬಿದ್ದಿದ್ದ ಎಲ್ಲ ಓದಿಗೂ ಒಂದು ದಾರ ಸಿಕ್ಕಿತು. ಬದುಕಿಗೆ ಒಂದು ಗುರಿ ಸಿಕ್ಕಿತು, ಲೋಕವನ್ನು ಸುಧಾರಿಸುವುದು. ಗೆಳೆಯರನ್ನು ಸೇರಿಸಿ ಉಪಯುಕ್ತತಾವಾದಿಗಳ ಪುಟ್ಟ ಸಂಘವನ್ನೂ ಕಟ್ಟಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ತತ್ತ್ವ ಬೇರೆ ತತ್ತ್ವಗಳಿಗಿಂತ ಹೇಗೆ ಬೇರೆ ಎಂದು ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನಮಗೆ ಗೊತ್ತಿರುವ ಒಂದು ಸನ್ನಿವೇಶ ತೆಗೆದುಕೊಳ್ಳಿ. ಪರೀಕ್ಷಾ ಕೊಠಡಿ. ಹಿಂದಿನ ಬೆಂಚಿನ ಗೆಳೆಯ, ತಂದೆ ಆಸ್ಪತ್ರೆಯಲ್ಲಿದ್ದ ಕಾರಣ ಒಂದಕ್ಷರ ಓದಿಲ್ಲ. ನಿಮ್ಮ ಉತ್ತರ ಪತ್ರಿಕೆಯನ್ನು ಸ್ವಲ್ಪ ಓರೆ ಮಾಡಿ ಹಿಡಿದರೆ ಅವನು ಪಾಸಾಗುತ್ತಾನೆ. ಬೆಂಥಮ್ ಪ್ರಕಾರ ಲೆಕ್ಕ ಹಾಕಬೇಕು: ಅವನಿಗೆ ಆಗುವ ಒಳ್ಳೆಯದೆಷ್ಟು, ಉಳಿದವರಿಗೆ ಆಗುವ ನಷ್ಟವೆಷ್ಟು. ಯಾರಿಗೂ ತಿಳಿಯದಿದ್ದರೆ ತೋರಿಸುವುದೇ ಸರಿ ಎಂದು ಲೆಕ್ಕ ಹೇಳಿಬಿಡಬಹುದು. ಮಿಲ್ ಹುಟ್ಟುವ ಎರಡು ವರ್ಷ ಮುಂಚೆ, 1804ರಲ್ಲಿ ತೀರಿಕೊಂಡ ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಇದನ್ನು ಒಪ್ಪುವುದಿಲ್ಲ. ಎಲ್ಲರೂ ಹಾಗೇ ಮಾಡಿದರೆ ಪರೀಕ್ಷೆ ಎಂಬುದೇ ಉಳಿಯದು, ನಿನಗೆ ಮಾತ್ರ ವಿನಾಯಿತಿ ಕೇಳಬೇಡ ಎನ್ನುವುದು ಕರ್ತವ್ಯವಾದ. ಫಲ ಏನೇ ಇರಲಿ, ಕೆಲಸದ ಹಿಂದಿನ ನಿಯತ್ತು ಮುಖ್ಯ. ಗ್ರೀಸಿನ ಅರಿಸ್ಟಾಟಲ್ ಕೇಳುವ ಪ್ರಶ್ನೆ ಮೂರನೆಯದು: ಹೀಗೆ ಮಾಡುತ್ತ ಮಾಡುತ್ತ ನೀನು ಎಂಥ ಮನುಷ್ಯನಾಗುತ್ತೀಯ? ಒಳ್ಳೆಯತನ ಎನ್ನುವುದು ಈಜಿನಂತೆ, ಮಾಡಿ ಮಾಡಿ ರೂಢಿಯಾಗಬೇಕಾದದ್ದು. ಇದು ಸದ್ಗುಣವಾದ.

ಮೂರಕ್ಕೂ ಬಲ ಇದೆ, ಮೂರರಲ್ಲೂ ಎಡವುವ ಕಲ್ಲಿದೆ. ಕಾಂಟ್ ತತ್ತ್ವ ಬಡವನಿಗೂ ದೊಡ್ಡವನಿಗೂ ಒಂದೇ ನಿಯಮ ಇಡುತ್ತದೆ, ಯಾರನ್ನೂ ಬರೀ ಸಾಧನವಾಗಿ ಬಳಸಬೇಡ ಎನ್ನುತ್ತದೆ. ಆದರೆ ಕೊಲೆಗಾರ ಬಾಗಿಲಿಗೆ ಬಂದು ಒಳಗೆ ಅಡಗಿರುವವನನ್ನು ಕೇಳಿದರೂ ಸುಳ್ಳು ಹೇಳಕೂಡದು ಎಂದು ಕಾಂಟ್ ನಿಜಕ್ಕೂ ಬರೆದಾಗ ನಮ್ಮ ಮನಸ್ಸು ಒಪ್ಪುವುದಿಲ್ಲ. ಅರಿಸ್ಟಾಟಲ್ ಬದುಕಿಗೆ ಹತ್ತಿರ, ಆದರೆ ಎರಡು ಸದ್ಗುಣಗಳು ಜಗಳಕ್ಕೆ ಬಿದ್ದಾಗ ದಾರಿ ಸ್ಪಷ್ಟವಿಲ್ಲ, ಮೇಲಾಗಿ ಗುಲಾಮಗಿರಿಯನ್ನು ಆತ ತಪ್ಪೆಂದು ಕಾಣಲಿಲ್ಲ. ಬೆಂಥಮ್‌ರ ಲೆಕ್ಕಕ್ಕೆ ಇರುವ ದೊಡ್ಡ ಬಲ, ಅದು ನೋವನ್ನು ನೋಡುತ್ತದೆ. ಹಳೆಯ ಸಂಪ್ರದಾಯ, ದೊಡ್ಡವರ ಮಾತು ಎಂಬ ನೆಪ ಅದರ ಮುಂದೆ ನಡೆಯದು, ಯಾರಿಗೆ ನೋವಾಗುತ್ತಿದೆ ಎಂದು ಕೇಳಿಯೇ ಕೇಳುತ್ತದೆ. ಪ್ರಾಣಿಗಳ ನೋವನ್ನೂ ಬೆಂಥಮ್ ಲೆಕ್ಕಕ್ಕೆ ಹಿಡಿದಿದ್ದರು. ಕೇಂಬ್ರಿಜಿನ ವಿದ್ವಾಂಸ ವಿಲಿಯಂ ಹ್ಯೂವೆಲ್ ಇದನ್ನೇ ಹಿಡಿದು ಹಾಸ್ಯ ಮಾಡಿದಾಗ ಮಿಲ್ 1852ರಲ್ಲಿ ಉತ್ತರ ಬರೆದು, ವಾದದ ಸೋಲುಗೆಲುವನ್ನು ಈ ಒಂದು ಅಂಶದ ಮೇಲೆಯೇ ಬಿಡಲು ತಾನು ಸಿದ್ಧ ಎಂದರು. ಇನ್ನು ಆ ಲೆಕ್ಕ ಎಲ್ಲಿ ಎಡವುತ್ತದೆ ಎನ್ನುವುದನ್ನು ಮಿಲ್‌ರ ಬದುಕೇ ತೋರಿಸುತ್ತದೆ.

1823ರಲ್ಲಿ, ಹದಿನೇಳು ತುಂಬಿದ ಕೂಡಲೇ, ಮಿಲ್ ಕೆಲಸಕ್ಕೆ ಸೇರಿದರು. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಕಚೇರಿ, ತಂದೆಯ ಕೈಕೆಳಗೆ ಗುಮಾಸ್ತಿಕೆ. ಅದರ ಜೊತೆಗೆ ಬೆಂಥಮ್‌ರ ಹಸ್ತಪ್ರತಿಗಳ ರಾಶಿಯನ್ನು ತಿದ್ದಿ ಐದು ಸಂಪುಟದ ಗ್ರಂಥ ಮಾಡಿದರು. ಪತ್ರಿಕೆಗಳಿಗೆ ಲೇಖನ, ಚರ್ಚಾಕೂಟ, ಭಾಷಣ. ಆಮೇಲೆ 1826ರ ಶರತ್ಕಾಲದಲ್ಲಿ ಒಂದು ದಿನ, ಮನಸ್ಸು ಮಂಕಾಗಿದ್ದಾಗ, ತಮಗೆ ತಾವೇ ಒಂದು ಪ್ರಶ್ನೆ ಹಾಕಿಕೊಂಡರು. ನಾನು ಬಯಸುವ ಸುಧಾರಣೆಗಳೆಲ್ಲ ಈ ಕ್ಷಣದಲ್ಲೇ ಈಡೇರಿಬಿಟ್ಟರೆ ನನಗೆ ಸಂತೋಷವಾಗುತ್ತದೆಯೇ? ಒಳಗಿನಿಂದ ಬಂದ ಉತ್ತರ, ಇಲ್ಲ.

ಅಲ್ಲಿಗೆ ಎಲ್ಲ ಕುಸಿಯಿತು. ಸುಖವನ್ನು ಹೆಚ್ಚಿಸುವುದಕ್ಕಾಗಿಯೇ ತಯಾರಾದ ಹುಡುಗನಿಗೆ ಸುಖ ಎಂದರೇನೆಂದೇ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಹೀಗೇ ಕಳೆಯಿತು. ನಿದ್ದೆಯಿಂದ ಎದ್ದರೂ ಮಂಕು ಹೋಗುತ್ತಿರಲಿಲ್ಲ. ಹೊರಗೆ ಮಾತ್ರ ಏನೂ ಗೊತ್ತಾಗುವಂತಿರಲಿಲ್ಲ. ಕಚೇರಿಗೆ ಹೋಗುತ್ತಿದ್ದರು, ಭಾಷಣ ಮಾಡುತ್ತಿದ್ದರು, ಎಲ್ಲವೂ ಯಂತ್ರದ ಹಾಗೆ. ತಂದೆಗೆ ಹೇಳುವ ಮನಸ್ಸಾಗಲಿಲ್ಲ. ಇಷ್ಟು ಕಷ್ಟಪಟ್ಟು ಕಲಿಸಿದ್ದು ಹೀಗಾಯಿತು ಎಂದು ತಿಳಿದರೆ ಅವರಿಗೆ ನೋವು, ಔಷಧಿಯಂತೂ ಅವರ ಬಳಿ ಇರಲಿಲ್ಲ. ಸಂಗೀತವೊಂದೇ ಅಲ್ಪ ಸ್ವಲ್ಪ ಹಿಡಿಸುತ್ತಿತ್ತು. ಅದರಲ್ಲೂ ಇರುವ ಸ್ವರಗಳು ಇಷ್ಟೇ, ಜೋಡಣೆಗಳೆಲ್ಲ ಒಂದು ದಿನ ಮುಗಿದುಹೋದರೆ ಏನು ಗತಿ ಎಂದು ಚಿಂತೆ ಹತ್ತಿತು. ನಗು ಬರುವ ಚಿಂತೆ, ಆದರೆ ಮನಸ್ಸು ಮಂಕಾದವರ ಚಿಂತೆಗಳು ಹೀಗೆಯೇ ಇರುತ್ತವೆ. ನಮ್ಮ ನಡುವೆಯೂ ಹೊರಗೆ ನಗುತ್ತ ಒಳಗೆ ಹೀಗಿರುವವರು ಇದ್ದಾರೆ, ಮಿಲ್‌ರಂತೆ ಯಾರಿಗೂ ಹೇಳದೆ ಇರಬೇಕಾಗಿಲ್ಲ.

ಬಿಡುಗಡೆ ಬಂದದ್ದು ಅನಿರೀಕ್ಷಿತ ದಾರಿಯಿಂದ. ಮಾರ್ಮೊಂಟೆಲ್ ಎಂಬ ಫ್ರೆಂಚ್ ಲೇಖಕನ ಆತ್ಮಕಥೆ ಓದುತ್ತಿದ್ದರು. ತಂದೆ ಸತ್ತ ಮನೆಯಲ್ಲಿ ಎಳೆಯ ಹುಡುಗನೊಬ್ಬ, ಇನ್ನು ನಿಮಗೆಲ್ಲ ನಾನಿದ್ದೇನೆ ಎಂದು ಮನೆಯವರಿಗೆ ಧೈರ್ಯ ತುಂಬುವ ಭಾಗ ಬಂತು. ಮಿಲ್ ಅತ್ತುಬಿಟ್ಟರು. ತಾನು ಕಲ್ಲಾಗಿಲ್ಲ, ಇನ್ನೂ ಕಣ್ಣೀರು ಬರುತ್ತದೆ ಎಂದು ತಿಳಿದದ್ದೇ ಸಮಾಧಾನ. ತಂದೆಯ ಸಾವಿನ ಪುಟವೇ ಅಳಿಸಿದ್ದೇಕೆ ಎಂದು ಓದಿದವರು ತಮ್ಮ ತಮ್ಮ ಊಹೆ ಮಾಡಿದ್ದಾರೆ, ಅದು ಹಾಗಿರಲಿ. ಅನಂತರ 1828ರಲ್ಲಿ ವರ್ಡ್ಸ್‌ವರ್ತ್ ಕವಿತೆಗಳು ಕೈಗೆ ಬಂದವು. ಬೆಟ್ಟ, ಹೊಳೆ, ಸಾಧಾರಣ ಜನರ ಭಾವನೆ. ಬುದ್ಧಿಯ ಜೊತೆ ಭಾವನೆಗೂ ಗೊಬ್ಬರ ನೀರು ಬೇಕು ಎಂಬುದನ್ನು ಲೆಕ್ಕದ ಪುಸ್ತಕ ಹೇಳಿಕೊಟ್ಟಿರಲಿಲ್ಲ, ಕವಿತೆ ಹೇಳಿಕೊಟ್ಟಿತು.

ಈ ಪೆಟ್ಟಿನಿಂದ ಮಿಲ್ ಕಲಿತದ್ದು ಎರಡು. ಸುಖವನ್ನೇ ಗುರಿಯಿಟ್ಟು ಹೊರಟವನಿಗೆ ಸುಖ ಸಿಗುವುದಿಲ್ಲ, ಬೇರೆ ಯಾವುದನ್ನೋ ಪ್ರೀತಿಸಿ ಮಾಡುತ್ತಿರುವಾಗ ದಾರಿಯಲ್ಲಿ ಅದು ತಾನಾಗಿ ಬರುತ್ತದೆ. ಇನ್ನೊಂದು, ಮನುಷ್ಯನ ಒಳಗನ್ನು ಬೆಳೆಸದ ನೀತಿ ಅರ್ಧ ನೀತಿ. ಎರಡನೆಯದು ಅರಿಸ್ಟಾಟಲ್ ಹೇಳಿದ ಮಾತಿನ ಬಳಿಗೇ ಬಂದು ನಿಲ್ಲುತ್ತದೆ. ಆದರೂ ಮಿಲ್ ಪಕ್ಷ ಬದಲಿಸಲಿಲ್ಲ. ಬೆಂಥಮ್ 1832ರಲ್ಲಿ, ತಂದೆ 1836ರಲ್ಲಿ ತೀರಿಕೊಂಡ ಮೇಲೆ, 1838ರಲ್ಲಿ ಬೆಂಥಮ್‌ರ ಬಗ್ಗೆ ಒಂದು ದೀರ್ಘ ಲೇಖನ ಬರೆದರು. ಕಾನೂನು ಸುಧಾರಕರಾಗಿ ಅವರನ್ನು ಹೊಗಳಿ, ಮನುಷ್ಯನ ಮನಸ್ಸಿನ ಬಹುಪಾಲು ಅವರಿಗೆ ಕಾಣಿಸಲೇ ಇಲ್ಲ ಎಂದೂ ಹೇಳಿದರು. ಗುರುವಿನ ಬಗ್ಗೆ ಹಾಗೆ ಬರೆಯುವುದು ಸುಲಭವಲ್ಲ. ತಂದೆ ಬದುಕಿದ್ದಿದ್ದರೆ ಬರೆಯುತ್ತಿದ್ದರೋ ಇಲ್ಲವೋ, ನನಗೆ ಅನುಮಾನ.

1835ರ ಮಾರ್ಚಿನಲ್ಲಿ ನಡೆದ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. ಗೆಳೆಯ ಥಾಮಸ್ ಕಾರ್ಲೈಲ್ ಫ್ರೆಂಚ್ ಕ್ರಾಂತಿಯ ಇತಿಹಾಸ ಬರೆಯುತ್ತಿದ್ದರು. ಮೊದಲ ಸಂಪುಟದ ಹಸ್ತಪ್ರತಿಯನ್ನು ಓದಲು ಮಿಲ್‌ಗೆ ಕೊಟ್ಟಿದ್ದರು. ಬೇರೆ ಪ್ರತಿ ಇರಲಿಲ್ಲ. ಅದು ಬೇಡದ ಕಾಗದವೆಂದು ತಿಳಿದ ಕೆಲಸದಾಕೆ ಒಲೆಗೆ ಹಾಕಿಬಿಟ್ಟಳು. ಮಿಲ್ ಪೆಚ್ಚಾಗಿ, ಬಿಳಿಚಿಕೊಂಡು ಕಾರ್ಲೈಲ್ ಮನೆಗೆ ಹೋಗಿ ವಿಷಯ ತಿಳಿಸಿದರು. ಆ ರಾತ್ರಿ ಕಾರ್ಲೈಲ್ ದಂಪತಿಗಳೇ ಇವರನ್ನು ಸಮಾಧಾನ ಮಾಡಬೇಕಾಯಿತಂತೆ. ಮಿಲ್ 200 ಪೌಂಡ್ ಕೊಡಲು ಮುಂದಾದರು, ಕಾರ್ಲೈಲ್ 100 ಮಾತ್ರ ತೆಗೆದುಕೊಂಡು ಇಡೀ ಸಂಪುಟವನ್ನು ಮತ್ತೆ ಬರೆದರು. ಇಬ್ಬರ ನಡತೆಯೂ ಮೆಚ್ಚುವಂಥದು. ಈ ಕಾರ್ಲೈಲ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮೂವತ್ತು ವರ್ಷದ ನಂತರ ಮತ್ತೆ ಬರುತ್ತದೆ.

ಮಿಲ್ ತಮ್ಮ ನೀತಿತತ್ತ್ವವನ್ನು ಪತ್ರಿಕೆಯಲ್ಲಿ ಪ್ರಕಟಿಸಿದ್ದು 1861ರಲ್ಲಿ. 1863ರಲ್ಲಿ ಅದು 'ಯುಟಿಲಿಟೇರಿಯನಿಸಂ' ಎಂಬ ಚಿಕ್ಕ ಪುಸ್ತಕವಾಯಿತು. ಅದರ ಹಿಂದೆ ಹ್ಯಾರಿಯೆಟ್ ಟೇಲರ್ ಜೊತೆಗಿನ ಇಪ್ಪತ್ತೆಂಟು ವರ್ಷಗಳ ಮಾತುಕತೆ ಇತ್ತು. 1830ರಲ್ಲಿ ಪರಿಚಯವಾದ ಆಕೆ ವಿಧವೆಯಾದ ಮೇಲೆ 1851ರಲ್ಲಿ ಇಬ್ಬರೂ ಮದುವೆಯಾದರು. ಆಗಿನ ಕಾನೂನು ಹೆಂಡತಿಯ ಆಸ್ತಿ, ಸ್ವಾತಂತ್ರ್ಯಗಳ ಮೇಲೆ ಗಂಡನಿಗೆ ಕೊಡುತ್ತಿದ್ದ ಅಧಿಕಾರ ತನಗೆ ಬೇಡ ಎಂದು ಮದುವೆಗೆ ಮುಂಚೆ ಮಿಲ್ ಬರೆದುಕೊಟ್ಟರು. ಏಳೇ ವರ್ಷಕ್ಕೆ, 1858ರಲ್ಲಿ, ಫ್ರಾನ್ಸಿನ ಅವಿನ್ಯೋನಿನಲ್ಲಿ ಆಕೆ ತೀರಿಕೊಂಡರು. ಸಮಾಧಿ ಕಾಣುವಷ್ಟು ಹತ್ತಿರ ಒಂದು ಮನೆ ಕೊಂಡು, ಮಿಲ್ ವರ್ಷದ ಬಹುಭಾಗ ಅಲ್ಲೇ ಕಳೆಯತೊಡಗಿದರು.

ಆ ಪುಸ್ತಕದಲ್ಲಿ ಎರಡು ರಿಪೇರಿಗಳಿವೆ. ಬೆಂಥಮ್‌ರಿಗೆ ಆಟದ ಸುಖವೂ ಕವಿತೆಯ ಸುಖವೂ ಪ್ರಮಾಣ ಒಂದೇ ಆದರೆ ಒಂದೇ. ಮಿಲ್ ಸುಖಗಳಲ್ಲಿ ಮೇಲು ಕೀಳು ಉಂಟು ಎಂದರು. ಯಾವುದು ಮೇಲು ಎಂದು ಎರಡನ್ನೂ ಬಲ್ಲವರನ್ನು ಕೇಳಿ ಎಂದರು. ಇದು ಮನಸ್ಸಿಗೆ ಹಿತ, ಆದರೆ ತೊಡಕು ಬಾರದೆ ಇರುವುದಿಲ್ಲ: ಸುಖದಲ್ಲೇ ಮೇಲು ಕೀಳು ನೋಡಬೇಕಾದರೆ ಸುಖವನ್ನು ಬಿಟ್ಟು ಬೇರೆ ಅಳತೆ ಒಂದು ಒಳಗೆ ಬಂದುಬಿಟ್ಟಿತಲ್ಲ? ಎರಡನೆಯದು ನ್ಯಾಯದ ವಿಷಯ. ಹತ್ತು ಜನರ ಸುಖಕ್ಕಾಗಿ ಒಬ್ಬ ನಿರಪರಾಧಿಯನ್ನು ಬಲಿ ಕೊಡಬಹುದೇ ಎಂಬುದು ಈ ತತ್ತ್ವಕ್ಕೆ ಎಲ್ಲರೂ ಎಸೆಯುವ ಕಲ್ಲು. ಮಿಲ್ ಉತ್ತರ: ಭದ್ರತೆ ಇಲ್ಲದೆ ಯಾವ ಸುಖವೂ ಇಲ್ಲ, ಪ್ರತಿಯೊಬ್ಬನನ್ನೂ ಕಾಯುವ ನ್ಯಾಯದ ನಿಯಮಗಳು ಸುಖದ ಅಡಿಪಾಯ, ಆದ್ದರಿಂದ ಅವನ್ನು ಅಂದಂದಿನ ಲಾಭಕ್ಕೆ ಮುರಿಯುವಂತಿಲ್ಲ. ಹೀಗೆ ಹೇಳುವಾಗ ಅವರು ಕಾಂಟ್ ಮನೆಯ ಅಂಗಳಕ್ಕೇ ಬಂದಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಬಾಗಿಲು ಮಾತ್ರ ಬೇರೆ. ಇನ್ನು, ಜನ ಸುಖವನ್ನು ಬಯಸುತ್ತಾರೆ, ಆದ್ದರಿಂದ ಅದು ಬಯಸತಕ್ಕದ್ದು ಎಂಬ ಅವರ ಸಮರ್ಥನೆಯನ್ನು 1903ರಲ್ಲಿ ಜಿ. ಇ. ಮೂರ್ ಚೆನ್ನಾಗಿಯೇ ಹಿಡಿದು ಹಾಕಿದರು. ಬಯಸುವುದೆಲ್ಲ ಬಯಸತಕ್ಕದ್ದಾಗಿದ್ದರೆ ನೀತಿಶಾಸ್ತ್ರವೇ ಬೇಕಿರಲಿಲ್ಲ.

ಪುಸ್ತಕದ ಮಾತು ಪುಸ್ತಕದಲ್ಲಿ ಸರಿ. ಅದು ಪರೀಕ್ಷೆಗೆ ಬಿದ್ದದ್ದು 1865ರಲ್ಲಿ. ಆ ವರ್ಷ ಮಿಲ್ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ನಿಂತರು. ಕಾರ್ಮಿಕರ ಸಭೆಯೊಂದರಲ್ಲಿ ಒಬ್ಬರು ಎದ್ದು, ಕಾರ್ಮಿಕರು ಸಾಮಾನ್ಯವಾಗಿ ಸುಳ್ಳು ಹೇಳುತ್ತಾರೆಂದು ನೀವು ಬರೆದದ್ದುಂಟೇ ಎಂದು ಕೇಳಿದರು. ಉಂಟು ಎಂದು ಮಿಲ್ ಒಪ್ಪಿಕೊಂಡರು. ಸಭೆ ಚಪ್ಪಾಳೆ ತಟ್ಟಿತು, ಅವರು ಗೆದ್ದೂ ಬಂದರು. ವೋಟು ಕೇಳಲು ಬಂದು ನಿಜ ಹೇಳಿದವರನ್ನು ಆ ಜನ ಹಿಂದೆ ನೋಡಿರಲಿಲ್ಲವೇನೋ.

ಅದೇ ವರ್ಷದ ಅಕ್ಟೋಬರಿನಲ್ಲಿ, ಬ್ರಿಟಿಷರ ವಸಾಹತಾಗಿದ್ದ ಜಮೈಕಾ ದ್ವೀಪದ ಮೊರಾಂಟ್ ಬೇ ಎಂಬ ಊರಿನಲ್ಲಿ ಕಪ್ಪು ರೈತರು ದಂಗೆಯೆದ್ದರು. ಕೋರ್ಟಿನ ಕಟ್ಟಡಕ್ಕೆ ಬೆಂಕಿ ಬಿತ್ತು, ಅಧಿಕಾರಿಗಳ ಕಡೆಯ ಕೆಲವರು ಸತ್ತರು. ಗವರ್ನರ್ ಎಡ್ವರ್ಡ್ ಐರ್ ಸೈನಿಕ ಕಾನೂನು ಹೇರಿದರು. ದಂಗೆ ಅಡಗಿದ ಮೇಲೂ ವಾರಗಟ್ಟಲೆ ಶಿಕ್ಷೆ ನಡೆಯಿತು. 400ಕ್ಕೂ ಹೆಚ್ಚು ಜನರನ್ನು ಕೊಲ್ಲಲಾಯಿತು, ಸುಮಾರು 600 ಜನರಿಗೆ ಚಾಟಿಯೇಟು, ಹೆಂಗಸರನ್ನೂ ಬಿಡಲಿಲ್ಲ, ಸುಮಾರು 1000 ಮನೆಗಳು ಸುಟ್ಟವು. ಐರ್‌ರನ್ನು ಟೀಕಿಸುತ್ತಿದ್ದ ಶಾಸನಸಭೆಯ ಸದಸ್ಯ ಜಾರ್ಜ್ ವಿಲಿಯಂ ಗಾರ್ಡನ್ ಅವರನ್ನು ಸೈನಿಕ ಕಾನೂನಿಲ್ಲದ ಕಿಂಗ್‌ಸ್ಟನ್‌ನಿಂದ ಹಡಗಿನಲ್ಲಿ ಮೊರಾಂಟ್ ಬೇಗೆ ತಂದು, ಅವಸರದ ವಿಚಾರಣೆ ಮಾಡಿ ನೇಣು ಹಾಕಲಾಯಿತು.

ಇಂಗ್ಲೆಂಡಿನಲ್ಲಿ ಬಹಳ ಜನಕ್ಕೆ ಐರ್ ವೀರನಾಗಿ ಕಂಡರು. ಅವರ ವಾದ ಏನು? ಸ್ವಲ್ಪ ಕಠಿಣವಾಗಿ ನಡೆದುಕೊಂಡದ್ದು ನಿಜ, ಆದರೆ ಅದರಿಂದ ಇಡೀ ದ್ವೀಪ ಉಳಿಯಿತು, ಇಲ್ಲದಿದ್ದರೆ ಇನ್ನೂ ಹೆಚ್ಚು ಸಾವು ಆಗುತ್ತಿತ್ತು. ನೋಡಿ, ಇದೂ ಲೆಕ್ಕವೇ! ಕೆಲವರ ನೋವು, ಬಹಳ ಜನರ ನೆಮ್ಮದಿ. ಬೆಂಥಮ್ ಕೊಟ್ಟ ತಕ್ಕಡಿಯನ್ನೇ ಐರ್ ಪಕ್ಷದವರು ಹಿಡಿದುಕೊಂಡಂತಿತ್ತು. ಆ ಪಕ್ಷದ ಮುಂದಾಳು ನಮ್ಮ ಹಳೆಯ ಪರಿಚಯದ ಥಾಮಸ್ ಕಾರ್ಲೈಲ್. ಕಾದಂಬರಿಕಾರ ಡಿಕನ್ಸ್, ಕವಿ ಟೆನಿಸನ್ ಕೂಡ ಅತ್ತ ಕಡೆ. ಐರ್ ಮೇಲೆ ಕೊಲೆ ಮೊಕದ್ದಮೆ ಹೂಡಬೇಕೆಂದು ಹೊರಟ ಜಮೈಕಾ ಸಮಿತಿಗೆ ಮಿಲ್ ಅಧ್ಯಕ್ಷರು, ಜೊತೆಗೆ ಡಾರ್ವಿನ್, ಹಕ್ಸ್‌ಲಿ ಮೊದಲಾದವರು.

ಉಪಯುಕ್ತತಾವಾದದ ಉತ್ತರಾಧಿಕಾರಿ ಎಂದೇ ಬೆಳೆದ ಮನುಷ್ಯ ಇಲ್ಲಿ ತಕ್ಕಡಿ ಹಿಡಿಯಲಿಲ್ಲ. ದ್ವೀಪ ಉಳಿಯಿತೋ ಇಲ್ಲವೋ ಎಂಬುದು ಅವರ ಮೊದಲ ಪ್ರಶ್ನೆಯಾಗಿರಲಿಲ್ಲ. ಕಾನೂನಿನ ವಿಚಾರಣೆ ಇಲ್ಲದೆ ಒಬ್ಬ ಪ್ರಜೆಯನ್ನು ಕೊಂದ ಅಧಿಕಾರಿ, ಎಷ್ಟೇ ದೊಡ್ಡವನಾದರೂ, ಕೋರ್ಟಿನ ಮುಂದೆ ನಿಲ್ಲಬೇಕು, ಸತ್ತವನ ಬಣ್ಣ ಯಾವುದಾದರೂ ಸರಿ. ಇಂದು ಜಮೈಕಾದಲ್ಲಿ ಇದನ್ನು ಒಪ್ಪಿದರೆ ನಾಳೆ ಯಾರಿಗೂ ರಕ್ಷಣೆ ಇರದು ಎಂದು ಅವರು ವಾದಿಸಿದರು. ಮಿಲ್ ಕೇಳಿದರೆ ಇದು ದೀರ್ಘಕಾಲದ ಸುಖದ ಲೆಕ್ಕವೇ ಎನ್ನುತ್ತಿದ್ದರು. ಆದರೆ ಬಯ್ಗುಳದ ಪತ್ರಗಳು, ಕೊಲೆ ಬೆದರಿಕೆಗಳು ಮನೆಗೆ ಬರುತ್ತಿದ್ದಾಗಲೂ ಎರಡು ವರ್ಷ ಹಿಂದೆ ಸರಿಯದೆ ನಿಂತದ್ದಕ್ಕೆ ಲೆಕ್ಕ ಸಾಕಾಗಿತ್ತೇ? ಸಾಕಾಗಿರಲಿಲ್ಲ ಎಂದೇ ನನ್ನ ಅನಿಸಿಕೆ. ಅಲ್ಲಿ ಕಾಂಟ್‌ರ ಕರ್ತವ್ಯವೂ ಇತ್ತು, ಅರಿಸ್ಟಾಟಲ್ ಹೇಳುವ ಧೈರ್ಯವೂ ಇತ್ತು. ಮೊಕದ್ದಮೆ ನಡೆಯಲಿಲ್ಲ. 1868ರಲ್ಲಿ ಜ್ಯೂರಿ ಆರೋಪವನ್ನೇ ತಳ್ಳಿಹಾಕಿತು, ಐರ್‌ಗೆ ಮುಂದೆ ಪಿಂಚಣಿಯೂ ಸಿಕ್ಕಿತು.

ಪಾರ್ಲಿಮೆಂಟಿನಲ್ಲಿದ್ದ ಅದೇ ಅವಧಿಯಲ್ಲಿ, 1867ರ ಮೇ 20ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಮತದಾನದ ಮಸೂದೆಯಲ್ಲಿ ಪುರುಷ ಎಂಬ ಪದ ತೆಗೆದು ವ್ಯಕ್ತಿ ಎಂದು ಸೇರಿಸಬೇಕೆಂದು ಮಿಲ್ ತಿದ್ದುಪಡಿ ತಂದರು. ಪರವಾಗಿ 73, ವಿರುದ್ಧವಾಗಿ 196 ಮತ ಬಂದವು. ಸೋತರೂ 73 ಸಿಕ್ಕಿದ್ದೇ ಹೆಚ್ಚು ಎಂದು ಅವರಿಗೆ ಖುಷಿ.

ಇಷ್ಟು ಹೇಳಿದ ಮೇಲೆ ನಮಗೆ ಸಂಬಂಧಪಟ್ಟ ಒಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಜಮೈಕಾದ ರೈತರಿಗಾಗಿ ನಿಂತ ಇದೇ ಮಿಲ್ ಮೂವತ್ತೈದು ವರ್ಷ ಈಸ್ಟ್ ಇಂಡಿಯಾ ಕಂಪನಿಯ ಸಂಬಳ ತಿಂದವರು. ಲಂಡನ್ನಿನಲ್ಲಿ ಕುಳಿತು ಇಲ್ಲಿನ ಸಂಸ್ಥಾನಗಳ ವಿಷಯದ ಪತ್ರಗಳ ಕರಡು ಬರೆಯುತ್ತಿದ್ದರು. ತಂದೆಯಂತೆ ಇವರೂ ಭಾರತಕ್ಕೆ ಕಾಲಿಡಲಿಲ್ಲ. ತಂದೆಗಿಂತ ಮೃದು ಎನ್ನಬೇಕು: 1835ರಲ್ಲಿ ಮೆಕಾಲೆ ಇಂಗ್ಲಿಷ್ ಶಿಕ್ಷಣವೇ ಸಾಕೆಂದಾಗ, ಇಲ್ಲಿನ ವಿದ್ವಾಂಸರನ್ನೂ ಸಂಸ್ಕೃತ ಅರೇಬಿಕ್ ಕಲಿಕೆಗಿದ್ದ ನೆರವನ್ನೂ ಹಾಗೆ ಕೈಬಿಡಬಾರದೆಂದು ಮಿಲ್ ಮರುವರ್ಷ ಕರಡು ಪತ್ರ ಬರೆದರು. ಮೇಲಿನವರು ಅದನ್ನು ತಡೆದರು, ಅದು ಭಾರತಕ್ಕೆ ಬರಲೇ ಇಲ್ಲ. ಆದರೆ 1858ರಲ್ಲಿ ಕಂಪನಿಯ ಆಳ್ವಿಕೆ ಕೊನೆಗೊಳ್ಳುವಾಗ ಕಂಪನಿಯ ಪರವಾಗಿ ಮನವಿ ಬರೆದವರೂ ಇವರೇ. ಮರುವರ್ಷ ಬಂದ ಸ್ವಾತಂತ್ರ್ಯದ ಕುರಿತ ಪ್ರಸಿದ್ಧ ಪುಸ್ತಕದಲ್ಲಿ, ಈ ಸ್ವಾತಂತ್ರ್ಯ ಇನ್ನೂ ಹಿಂದುಳಿದ ಸಮಾಜಗಳಿಗೆ ಅನ್ವಯಿಸದು, ಅವರ ಏಳಿಗೆಗಾಗಿಯೇ ಆದರೆ ಅಂಥವರ ಮೇಲೆ ನಿರಂಕುಶ ಆಳ್ವಿಕೆಯೂ ನ್ಯಾಯವೇ ಎಂಬರ್ಥದ ಮಾತು ಬರೆದರು. ಆ ಪಟ್ಟಿಯಲ್ಲಿ ನಾವೂ ಇದ್ದೆವು.

ಪ್ರತಿಯೊಬ್ಬರ ಸುಖವೂ ಒಂದೇ ತೂಕ ಎಂದು ಹೇಳುವ ತತ್ತ್ವ ಇಲ್ಲಿ ಹೇಗೆ ತಪ್ಪಿತು? ಲೆಕ್ಕದಲ್ಲಿ ನಮ್ಮ ಸುಖವನ್ನು ಬಿಟ್ಟಿರಲಿಲ್ಲ, ಅದು ಸೇರಿತ್ತು. ನಿಮ್ಮ ಸುಖ ಯಾವುದು ಎಂದು ನಮ್ಮನ್ನು ಕೇಳಿರಲಿಲ್ಲ, ಅಷ್ಟೇ. ತಂದೆ ಮೇಜಿನ ಆ ಬದಿಯಲ್ಲಿ ಕುಳಿತು ಮಗನ ಸುಖ ಯಾವುದೆಂದು ತೀರ್ಮಾನಿಸಿದ್ದರಲ್ಲ, ಅದೇ ಕ್ರಮ. ಇಪ್ಪತ್ತನೆಯ ವಯಸ್ಸಿನಲ್ಲಿ ಅದರ ಪೆಟ್ಟು ತಿಂದಿದ್ದ ಮಿಲ್‌ಗೆ ಭಾರತದ ವಿಷಯದಲ್ಲಿ ಅದು ಹೊಳೆಯಲಿಲ್ಲ ಎನ್ನುವುದು ನನಗೆ ಇವರ ಜೀವನದಲ್ಲಿ ಅತ್ಯಂತ ಬೇಸರದ ಸಂಗತಿ. ಕಾಂಟ್ ಇದ್ದಿದ್ದರೆ ಬೇರೆಯವರ ಒಳ್ಳೆಯದಕ್ಕೆಂದೇ ಅವರ ಮೇಲೆ ಆಳ್ವಿಕೆ ಹೇರುವುದು ತಪ್ಪು ಎನ್ನುತ್ತಿದ್ದರು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಬಿಳಿಯರಲ್ಲದ ಜನಾಂಗಗಳ ಬಗ್ಗೆ ಕಾಂಟ್ ಬರೆದದ್ದೂ ಓದಲು ಹಿತವಾಗಿಲ್ಲ.

1868ರ ಚುನಾವಣೆಯಲ್ಲಿ ಮಿಲ್ ಪುಸ್ತಕ ವ್ಯಾಪಾರಿ ಡಬ್ಲ್ಯು. ಎಚ್. ಸ್ಮಿತ್ ಎದುರು ಸೋತರು. ಮರುವರ್ಷ ಮಹಿಳೆಯರ ಅಧೀನತೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಮತ್ತೆ ಅವಿನ್ಯೋನ್. ಅಲ್ಲಿ ಅವರಿಗೆ ಒಬ್ಬ ಗೆಳೆಯ ಸಿಕ್ಕಿದ್ದ, ಕೀಟಗಳ ಬದುಕನ್ನು ಕುರಿತು ಬರೆದು ಮುಂದೆ ಪ್ರಸಿದ್ಧರಾದ ಫಾಬ್ರ್. ಆಗ ಅವರು ಬಡ ಮೇಷ್ಟರು. ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ವಿಜ್ಞಾನದ ಉಪನ್ಯಾಸ ಮಾಡಿದ್ದಕ್ಕೆ ಊರಿನ ಕೆಲವರು ತಿರುಗಿಬಿದ್ದು, ಕೆಲಸವೂ ಹೋಗಿ, ಬಾಡಿಗೆ ಮನೆಯನ್ನೂ ಬಿಡಬೇಕಾಗಿ ಬಂದಾಗ ಫಾಬ್ರ್ ಲಂಡನ್ನಿನಲ್ಲಿದ್ದ ಮಿಲ್‌ಗೆ ಬರೆದರು. ಮಿಲ್ 3000 ಫ್ರಾಂಕ್ ಕಳಿಸಿದರು. ಪತ್ರ ಇಲ್ಲ, ಬಡ್ಡಿ ಇಲ್ಲ. ಎರಡು ವರ್ಷದಲ್ಲಿ ಫಾಬ್ರ್ ಪೂರ್ತಿ ಹಣ ತಂದುಕೊಟ್ಟರು.

ಇಬ್ಬರಿಗೂ ಗಿಡಗಳ ಹುಚ್ಚು. 1873ರ ಮೇ ತಿಂಗಳ ಮೊದಲ ವಾರ ಇಬ್ಬರೂ ಗಿಡ ಹುಡುಕುತ್ತ ಸುಮಾರು ಹದಿನೈದು ಮೈಲಿ ನಡೆದರು. ಮನೆಗೆ ಬಂದ ಮಿಲ್‌ಗೆ ಜ್ವರ ಏರಿತು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಹ್ಯಾರಿಯೆಟ್‌ರ ಸಮಾಧಿಯಲ್ಲೇ ಅವರನ್ನೂ ಇಟ್ಟರು.